ಕಂಬಗಳಿಗೆ ಹೆಸರಿಟ್ಟವನು

ಸೀಸೆಯನ್ನು ತಲೆಕೆಳಗು ಮಾಡಿ, ಒಮ್ಮೆ ಮೆಲ್ಲಗೆ ತಿರುಗಿಸಿ, ಮೊದಲು ಕಪ್ಪು ಹಲಗೆಯ ಮುಂದೆ, ಆಮೇಲೆ ಬಿಳಿ ಹಲಗೆಯ ಮುಂದೆ ಹಿಡಿದ. ಒಳಗಿನ ಔಷಧಿ ಒಂದು ಸುತ್ತು ಸುತ್ತಿ ನಿಂತಿತು. ಏನೂ ಇರಲಿಲ್ಲ. ಇರಲಿಲ್ಲವೇ? ಕೂದಲೆಳೆಯ ಚೂರಿನಂಥದ್ದು ತೇಲಿದ ಹಾಗಾಯಿತಲ್ಲ. ಮತ್ತೆ ತಿರುಗಿಸಿದ. ಕತ್ತಲೆ ಕೋಣೆಯಲ್ಲಿ ಸಾಲಾಗಿ ಮಾಡಿದ ಮರದ ಗೂಡುಗಳಲ್ಲಿ ಒಬ್ಬೊಬ್ಬರೂ ಒಂದೊಂದು ದೀಪದ ಕೆಳಗೆ ಕೂತು, ಇಂಜೆಕ್ಷನ್ ಔಷಧಿಯ ಸೀಸೆಗಳಲ್ಲಿ ಧೂಳಿನ ಕಣ, ಗಾಜಿನ ಪುಡಿ, ನೂಲಿನ ಎಳೆ ಇದೆಯೇ ಎಂದು ಹುಡುಕುವುದು ಅಲ್ಲಿನ ಕೆಲಸ. ಅವನು ಆ ಕೋಣೆಯ ಹಿರಿಯ. ಉಳಿದವರು ಬಿಟ್ಟದ್ದು ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆಂಬ ಹೆಸರಿತ್ತು. ಹೆಸರಿಗೆ ತಕ್ಕ ಅಡ್ಡಹೆಸರೂ ಇತ್ತು. "ಭೂತಗನ್ನಡಿ ಸಾರ್, ಆಗ್ಲಿಂದ ಅದೊಂದೇ ಸೀಸೆ ಹಿಡ್ಕೊಂಡಿದ್ದೀರಲ್ಲ, ಅದರೊಳಗೇನು ಸಿನಿಮಾ ಬರ್ತಿದ್ಯಾ?" ಎಂದಳು ಪಕ್ಕದ ಗೂಡಿನವಳು. ಅತ್ತಿತ್ತಲಿಂದ ನಗೆ ಕೇಳಿಸಿತು. ಅವನೂ ನಕ್ಕ ಹಾಗೆ ಮಾಡಿ ಸೀಸೆಯನ್ನು ತಿರಸ್ಕರಿಸಿದವುಗಳ ತಟ್ಟೆಯಲ್ಲಿಟ್ಟ. ಇಟ್ಟ ಮೇಲೆ, ಚೊಕ್ಕವಾಗಿದ್ದುದನ್ನೇ ಬಿಸಾಕಿದೆನೇನೋ ಅನ್ನಿಸಿತು. ಹೀಗೆ ಅನ್ನಿಸುವುದು ಭಾನುವಾರದಿಂದೀಚೆಗೆ ಶುರುವಾಗಿತ್ತು.

ಭಾನುವಾರದಿಂದ ಅತ್ತೆ ಮಾತು ಬಿಟ್ಟಿದ್ದರು. ಕೋಪ ಮಾಡಿಕೊಂಡು ಮಾತು ಬಿಟ್ಟಿದ್ದರೆ ಅದಕ್ಕೊಂದು ದಾರಿಯಿರುತ್ತಿತ್ತು. ಕಾಲಿಗೆ ಬೀಳಬಹುದಿತ್ತು, ತಮಾಷೆ ಮಾಡಬಹುದಿತ್ತು. ಇದು ಹಾಗಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ತಟ್ಟೆ ಮುಂದಿಟ್ಟರೆ ಊಟ ಮಾಡುತ್ತಿದ್ದರು. ಆದರೆ ತಾವಾಗಿ ಒಂದು ಮಾತಿಲ್ಲ. ಹೆಚ್ಚುವ ತರಕಾರಿಯೊಂದಿಗೂ ಮಾತಾಡುತ್ತಿದ್ದ ಹೆಂಗಸು ಅವರು. ಈರುಳ್ಳಿಯನ್ನು ಬೈಯುತ್ತಾ, ಕುಕ್ಕರಿಗೆ "ಬಂದೆ ಮಾರಾಯ್ತಿ, ಬಂದೆ, ಕೂಗ್ಬೇಡ" ಎನ್ನುತ್ತಾ ಓಡಾಡುತ್ತಿದ್ದವರು ಈಗ ಏನಾದರೂ ಹೇಳಲು ಬಾಯಿ ತೆರೆದು, ಒಮ್ಮೆ ಅವನ ಕಡೆ ನೋಡಿ, ಮುಚ್ಚಿಕೊಳ್ಳುತ್ತಿದ್ದರು. ನಿನ್ನೆ ಬೆಳಿಗ್ಗೆ ಹಾಲಿನವನು ಬಂದು ಹೋದನೋ ಇಲ್ಲವೋ ಎಂದು ಹೆಂಡತಿ ಕೇಳಿದಾಗ, "ಬಂದ ಹಾಗೆ ನೆನಪು. ಯಾವುದಕ್ಕೂ ಅಳಿಯಂದಿರನ್ನ ಕೇಳು" ಎಂದಿದ್ದರು. ಹಾಲಿನ ಪಾತ್ರೆ ಅವರ ಕೈಯಲ್ಲೇ ಇತ್ತು.

ಎಲ್ಲಕ್ಕೂ ಮೂಲ ಆ ಸಿನಿಮಾ ಪುಸ್ತಕಗಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಶುರುವಾದ ಚಟ. ನೋಡಿದ ಪ್ರತಿ ಸಿನಿಮಾದ ಬಗ್ಗೆಯೂ ಒಂದು ಪುಟವೋ ಎರಡು ಪುಟವೋ ಬರೆದಿಡುವುದು. ಕಥೆಯನ್ನಷ್ಟೇ ಅಲ್ಲ, ಬಾಗಿಲು ಹೇಗೆ ಮುಚ್ಚಿಕೊಂಡಿತು, ಅಳುವಾಗ ನಟಿ ಯಾವ ಕೈಯಿಂದ ಕಣ್ಣೊರೆಸಿದಳು, ಯಾವ ದೃಶ್ಯದಲ್ಲಿ ಹಿಂದಿನ ಸಾಲಿನವನು ಕೆಮ್ಮಿ ಹಾಳುಮಾಡಿದ, ಎಲ್ಲವನ್ನೂ. ಕಾರ್ಖಾನೆಯಲ್ಲಿ ಅವನ ಅಭಿಪ್ರಾಯ ಎರಡೇ ತಟ್ಟೆಗಳಲ್ಲಿ ಮುಗಿದುಹೋಗುತ್ತಿತ್ತು, ಸರಿ ಅಥವಾ ತಪ್ಪು. ಮನೆಗೆ ಬಂದು ಆ ಪುಸ್ತಕ ತೆರೆದಾಗ ಮಾತ್ರ ತನ್ನೊಳಗೂ ಒಬ್ಬ ಮನುಷ್ಯನಿದ್ದಾನೆ, ಅವನಿಗೂ ವಾಕ್ಯಗಳು ಬರುತ್ತವೆ ಅನ್ನಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಒಂದು ದಿನ ಆಸೆಯಿಂದ ಅದನ್ನು ತೆಗೆದು ಓದಿದ್ದಳು. ಅವರಿಬ್ಬರೂ ಮೊದಲ ಸಲ ಜೊತೆಯಾಗಿ ನೋಡಿದ ಸಿನಿಮಾಕ್ಕೆ ಎರಡೂವರೆ ಪುಟ. ಕೊನೆಯ ಸಾಲು: 'ಇವಳೂ ಬಂದಿದ್ದಳು.' ಪುಸ್ತಕ ಮುಚ್ಚಿ, "ನಾನು ಬಂದಿದ್ದೆ ಅನ್ನೋದಾದ್ರೂ ಗಮನಕ್ಕೆ ಬಂತಲ್ಲ, ಪುಣ್ಯ" ಎಂದಿದ್ದಳು. ತಮಾಷೆಯೆಂದೇ ಅಂದುಕೊಂಡಿದ್ದ. ಮುಂದೆ ಅವಳು ಸಿನಿಮಾಕ್ಕೆ ಬರುವುದು ಕಡಿಮೆಯಾಗಿ, ಕಡಿಮೆಯಾದದ್ದು ನಿಂತೂ ಹೋಯಿತು. ಅವಳದು ಮೂಳೆ ಮುರಿದವರಿಗೆ, ಪಾರ್ಶ್ವ ಹೊಡೆದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ದಿನವಿಡೀ ಪರರ ಭಾರಕ್ಕೆ ಭುಜ ಕೊಟ್ಟು ಬಂದವಳಿಗೆ ಕತ್ತಲಲ್ಲಿ ಕೂತರೆ ನಿದ್ದೆ ಎಳೆಯುತ್ತದೆಂದು ಅವನು ಸಮಾಧಾನ ಹೇಳಿಕೊಂಡಿದ್ದ.

ಅವಳ ಜಾಗಕ್ಕೆ ಬಂದವರು ಅತ್ತೆ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಮೊದಲ ಕೆಲವು ತಿಂಗಳು ಕಿಟಕಿಯ ಪಕ್ಕ ಕೂತೇ ಕಳೆದವರು, ಒಂದು ಶನಿವಾರ ಅವನು ಚಪ್ಪಲಿ ಹಾಕಿಕೊಳ್ಳುವಾಗ "ನಾನೂ ಬರ್ಲಾ?" ಎಂದಿದ್ದರು. ಅಂದಿನಿಂದ ಮಧ್ಯಾಹ್ನದ ಆಟಕ್ಕೆ ಇಬ್ಬರೂ. ಅತ್ತೆಗೆ ಸಿನಿಮಾ ನೋಡಲು ಬಾಯಿ ಬೇಕು. "ಇವನು ಒಳ್ಳೆಯವನೋ ಕೆಟ್ಟವನೋ, ಈಗಲೇ ಹೇಳ್ಬಿಡಿ, ಆಮೇಲೆ ನಾನು ಸುಮ್ನೆ ಮರುಗೋದು ಬೇಡ" ಎನ್ನುವರು. "ಅಯ್ಯೋ, ಆ ಪತ್ರ ಓದದೆ ಹೊರಟೇಬಿಟ್ಟಳಲ್ಲ, ಯಾರಾದ್ರೂ ಕರೀರಿ ಅವಳನ್ನ" ಎಂದು ಮುಂದಿನ ಸಾಲಿನವರು ತಿರುಗಿ ನೋಡುವ ಹಾಗೆ ಹೇಳುವರು. ಅವನು "ಶ್" ಎನ್ನುವನು. ಪುಸ್ತಕದಲ್ಲಿ ಅತ್ತೆಯ ಹೆಸರಿಗೆ ಇದ್ದ ಸಾಲುಗಳೆಂದರೆ 'ಅತ್ತೆ ಮಧ್ಯೆ ಮಧ್ಯೆ ಮಾತಾಡಿದರು', 'ಅತ್ತೆ ನಿದ್ದೆ ಹೋದರು'. ಇತ್ತೀಚೆಗೆ ಅವರ ಮರೆವು ಹೆಚ್ಚಿತ್ತು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಹುಡುಕುವುದು ಹಾಗಿರಲಿ, ಒಮ್ಮೊಮ್ಮೆ ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ಎರಡು ಬೇರೆ ಬೇರೆ ಸಿನಿಮಾಗಳನ್ನು ಒಂದೇ ಮಾಡಿ ಹೇಳುತ್ತಿದ್ದರು. ಅವನು ತಿದ್ದುತ್ತಿದ್ದ. "ಹೌದಲ್ವಾ! ನೀವಿಲ್ದಿದ್ರೆ ನಾನು ಊರೆಲ್ಲ ಕಲಸಿ ಒಂದು ಮಾಡ್ಬಿಡ್ತಿದ್ದೆ" ಎಂದು ನಗುತ್ತಿದ್ದರು.

ಭಾನುವಾರ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಮಾತು ಹೇಗೋ ಮಾವನ ಕಡೆ ತಿರುಗಿತು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಮಾವ ಮನೆಯಲ್ಲೂ ಟೈಮ್‌ಕೀಪರೇ ಆಗಿದ್ದರು. ಮಕ್ಕಳು ಎದ್ದದ್ದು, ಮಲಗಿದ್ದು, ಬಂದದ್ದು, ಹೋದದ್ದು ನೋಡುವರು. ಒಂದು ಮಾತಿಲ್ಲ, ಒಂದು ನಗೆಯಿಲ್ಲ. "ಅಪ್ಪ ಅಂದ್ರೆ ನನಗೆ ನೆನಪಾಗೋದು ಅವರ ಬೆನ್ನು" ಎಂದಳು ಹೆಂಡತಿ, ಬಡಿಸುತ್ತಾ. "ಒಂದು ದಿನ ನನ್ನ ಎತ್ಕೊಂಡಿದ್ದು ನನಗೆ ಗೊತ್ತಿಲ್ಲ." ಅವಳು ಇದನ್ನು ಹೇಳಿದ್ದು ಅದೇ ಮೊದಲಲ್ಲ. ಆದರೆ ಆ ದಿನ ಅತ್ತೆ ತಟ್ಟೆಯಿಂದ ಕೈ ತೆಗೆದು, "ಹಾಗನ್ಬೇಡ" ಎಂದರು. "ನಿನ್ನ ಎತ್ಕೊಂಡು ಇಡೀ ಸೇತುವೆ ದಾಟಿದ್ದಾರೆ ಅವರು."

ಎಲ್ಲರೂ ಅವರ ಕಡೆ ನೋಡಿದರು.

"ನಿನಗಾಗ ಮೂರು ತುಂಬಿರ್ಲಿಲ್ಲ. ಬಿದ್ದು ತಲೆಗೆ ಪೆಟ್ಟಾಯ್ತು. ನಾನೇ... ನನ್ನ ಕೈಯಿಂದಲೇ ಜಾರಿದ್ದು, ಮೆಟ್ಟಿಲ ಮೇಲೆ. ಪಕ್ಕದ ಮನೆಯ ನರ್ಸ್ ಬಂದು ನೋಡಿ, ಆಸ್ಪತ್ರೆ ಮುಟ್ಟೋತನಕ ಮಗೂಗೆ ನಿದ್ದೆ ಮಾಡೋಕೆ ಬಿಡ್ಬೇಡಿ ಅಂದ್ಳು. ಆವತ್ತು ಬಸ್ಸಿನವರ ಮುಷ್ಕರ. ಬಸ್ಸು ನಿಲ್ಲಿಸಿದವರಲ್ಲಿ ನಿಮ್ಮಪ್ಪನೂ ಒಬ್ರು. ಮಟಮಟ ಮಧ್ಯಾಹ್ನ, ಹೆಗಲ ಮೇಲೆ ಹಾಕ್ಕೊಂಡು ನಡೆದೇ ಹೊರಟ್ರು. ನಾನು ಹಿಂದೆ ಓಡ್ತಾ ಇದ್ದೀನಿ. ನೀನು ಕಣ್ಣು ಮುಚ್ಚಿದಾಗೆಲ್ಲ ಸೇತುವೆ ಮೇಲಿನ ದೀಪದ ಕಂಬ ತೋರಿಸಿ, ನೋಡು, ಇದು ನಿನ್ನ ಸೋದರತ್ತೆ, ಸೊಟ್ಟಗೆ ನಿಂತಿದೆ. ಇದು ದೊಡ್ಡಪ್ಪ, ಬಲ್ಬೇ ಇಲ್ಲ. ಇದು ಸಣ್ಣಜ್ಜಿ, ತುದಿಯಲ್ಲಿ ಕಾಗೆ ಕೂರಿಸ್ಕೊಂಡಿದೆ. ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು. ಆ ಮನುಷ್ಯನಿಗೆ ಅಷ್ಟು ಮಾತು ಬರುತ್ತೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ನೀನು ನಗ್ತಾ ಇದ್ದೆ ಕಣೇ, ತಲೇಲಿ ರಕ್ತ, ನಗ್ತಾ ಇದ್ದೆ."

ಹೆಂಡತಿ ಸೌಟು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. "ಅಪ್ಪ ಹೆಸರಿಟ್ರಾ? ಕಂಬಕ್ಕೆ?" ಎಂದಳು. ಅವಳ ಮುಖ ಅವನು ಅದುವರೆಗೆ ಕಾಣದಿದ್ದ ರೀತಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಕಣ್ಣು ತುಂಬಿಕೊಂಡಿದ್ದರೂ ಬಾಯಿ ನಗುತ್ತಿತ್ತು. ಎಡಗೈ ತಾನಾಗಿ ತಲೆಗೆ ಹೋಗಿ ಕೂದಲ ಬುಡದಲ್ಲಿ ಹಳೆಯ ಗಾಯದ ಗುರುತು ಹುಡುಕುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ತಾನು ಹೇಳಿದ ಯಾವ ಮಾತಿಗೂ ಈ ಮುಖ ಹೀಗಾಗಿರಲಿಲ್ಲ. ಅದೇ ಹೊತ್ತಿಗೆ ಅವನೊಳಗೆ ಅದು ತೇಲಿ ಬಂತು, ಸೀಸೆಯೊಳಗಿನ ಕಣದ ಹಾಗೆ. ಸೇತುವೆ. ಹೆಗಲ ಮೇಲೆ ಮಗು. ಕಂಬಗಳಿಗೆ ನೆಂಟರ ಹೆಸರು. ಇದನ್ನು ತಾನು ಬರೆದಿದ್ದೇನೆ.

ಸುಮ್ಮನಿರಬಹುದಿತ್ತು. ಸುಮ್ಮನಿರಬಹುದಿತ್ತು ಎಂಬುದು ಆಗಲೂ ಗೊತ್ತಿತ್ತು. "ಅತ್ತೆ, ಅದು ನಾವು ನೋಡಿದ ಸಿನಿಮಾ ಅಲ್ವಾ?" ಎಂದ. ದನಿ ಮೆತ್ತಗೇ ಇತ್ತು, ತಿದ್ದುವಾಗ ಅವನ ದನಿ ಯಾವಾಗಲೂ ಮೆತ್ತಗಿರುತ್ತದೆ. "ಮುಷ್ಕರದ ಸಿನಿಮಾ. ಕಪ್ಪು ಬಿಳುಪು. ಹೋದ ವರ್ಷ ನೋಡಿದ್ವಲ್ಲ." ಅತ್ತೆ ಅರ್ಥವಾಗದೆ ನೋಡಿದರು. "ಇಲ್ಲ, ಅದು ಬೇರೆ. ಇದು ನಿಮ್ಮ ಮಾವ..." ಅಷ್ಟರಲ್ಲಿ ಅವನು ಎಂಜಲು ಕೈ ತೊಳೆದು ಒಳಗೆ ಹೋಗಿ ಪುಸ್ತಕ ತಂದೇಬಿಟ್ಟಿದ್ದ. ಪುಟ ಸಿಕ್ಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಹುಡುಕಿದ್ದು ತಕ್ಷಣ ಸಿಗುವ ಆ ಅಚ್ಚುಕಟ್ಟಿನ ಬಗ್ಗೆ ಅವನಿಗೆ ಹೆಮ್ಮೆ. ಗಟ್ಟಿಯಾಗಿ ಓದಿದ: 'ಮಗು ನಿದ್ದೆ ಹೋಗಬಾರದೆಂದು ಅಪ್ಪ ಸೇತುವೆಯ ಒಂದೊಂದು ದೀಪದ ಕಂಬಕ್ಕೂ ಒಬ್ಬೊಬ್ಬ ನೆಂಟರ ಹೆಸರಿಡುತ್ತಾನೆ. ಇಡೀ ಚಿತ್ರದಲ್ಲಿ ಜೀವವಿರುವುದು ಇದೊಂದಕ್ಕೇ.'

ಭಾವಮೈದುನ ಹೋ ಎಂದು ನಕ್ಕ. "ಅಮ್ಮಾ! ಅಪ್ಪನ್ನ ಹೀರೋ ಮಾಡ್ಬಿಟ್ಯಲ್ಲ! ಇನ್ನೊಂದು ಹಾಡೂ ಹಾಡಿಸ್ಬಿಡು." ಅವನದು ಕೆಟ್ಟ ಮನಸ್ಸಲ್ಲ, ನಗಬೇಕಾದ ಜಾಗ ಅದೆಂದು ನಕ್ಕಿದ್ದ. ಅತ್ತೆ ಮಗನನ್ನು ನೋಡಿದರು, ಮಗಳನ್ನು ನೋಡಿದರು. ಕೊನೆಗೆ, ಬರೆದದ್ದಕ್ಕೆ ಎದುರಾಡುವುದು ಹೇಗೆಂದು ತಿಳಿಯದವರ ಹಾಗೆ, ಅವನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. "ಹೌದಾ?" ಎಂದರು. "ಹಾಗಾದ್ರೆ ಹಾಗೇ ಇರ್ಬೇಕು." ತಟ್ಟೆಯಲ್ಲಿ ಆರಿಹೋಗಿದ್ದ ಅನ್ನವನ್ನು ಬೆರಳಿನಿಂದ ಒತ್ತುತ್ತಾ ಕೂತರು. ಹೆಂಡತಿಯ ಮುಖ ಯಾವಾಗ ಮುಚ್ಚಿಕೊಂಡಿತೋ ಅವನು ಗಮನಿಸಲಿಲ್ಲ. ಸಂಜೆ ಪಾತ್ರೆ ತೊಳೆಯುತ್ತಾ, ತಿರುಗದೆ, ಅವಳು ಕೇಳಿದ್ದು ಒಂದೇ: "ಅದು ಸುಳ್ಳೇ ಆಗಿದ್ರೂ, ನಿಮ್ಮ ಗಂಟು ಏನು ಹೋಗ್ತಿತ್ತು?" ಅದಕ್ಕೆ ಅವನಲ್ಲಿ ಉತ್ತರವಿತ್ತು. ಅತ್ತೆಯ ಮರೆವು ಹೆಚ್ಚುತ್ತಿದೆ, ಆಗಾಗ ತಿದ್ದದಿದ್ದರೆ ಅವರಿಗೇ ಕಷ್ಟ ಎಂದ. ಅವಳು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು.

"ಸಾರ್, ಚಹಾ" ಎಂದು ಯಾರೋ ಕರೆದಾಗ ಅವನ ಮುಂದಿನ ತಟ್ಟೆಯಲ್ಲಿ ಇನ್ನೂ ಅರ್ಧದಷ್ಟು ಸೀಸೆಗಳು ಉಳಿದಿದ್ದವು. ಕಿಸೆಯಲ್ಲಿ ಬೆಳಿಗ್ಗೆ ಹರಿದಿಟ್ಟುಕೊಂಡ ಪತ್ರಿಕೆಯ ಚೂರು. ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಚಿತ್ರಸಂಘದವರು ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಇವತ್ತು ಮಧ್ಯಾಹ್ನ ಅದೇ ಮುಷ್ಕರದ ಚಿತ್ರ. ನೋಡಿದ ಕೂಡಲೇ ಎದೆಯಲ್ಲಿ ಹಗುರಾದ ಹಾಗಾಗಿತ್ತು. ಹೋಗಿ ನೋಡಿಬಂದು, ಮನೆಯಲ್ಲಿ ಹೆಂಡತಿಗೆ, "ನೋಡು, ನಾನು ಹೇಳಿದ್ದು ಸರಿಯಾಗಿತ್ತು" ಎಂದರೆ... ಎಂದರೆ ಏನು? ಅವಳಿಗೆ ಬೇಕಾದದ್ದು ಅದಲ್ಲ ಎಂದು ಗೊತ್ತಿತ್ತು. ಆದರೆ ಅವನಿಗೆ ಬೇಕಾಗಿತ್ತು. ತಾನು ಕ್ರೂರಿಯಾಗಿರಬಹುದು, ಸುಳ್ಳುಗಾರನಲ್ಲ ಎಂಬಷ್ಟಾದರೂ. ತಲೆನೋವೆಂದು ಹೇಳಿ ಅರ್ಧ ದಿನ ರಜೆ ಪಡೆದ. "ಭೂತಗನ್ನಡಿಗೂ ಮಸುಕು ಬಂತು ನೋಡ್ರೋ" ಎಂದರು ಹಿಂದಿನಿಂದ.

ನೆಲಮಾಳಿಗೆಯಲ್ಲಿ ಹಳೆಯ ಕಾಗದದ ವಾಸನೆ. ಮಡಚುವ ಕುರ್ಚಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ಜಾಗ ಹಿಡಿದ. ಯಾರಿಗೆಂದು ನೆನಪಾಗಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಚಿತ್ರ ಶುರುವಾಯಿತು. ಕಾರ್ಖಾನೆಯ ಗೇಟು, ಗುಂಪು, ಭಾಷಣ. ಪ್ರತಿ ದೃಶ್ಯವೂ ಅವನು ಬರೆದಿಟ್ಟ ಹಾಗೇ ಇತ್ತು. ನಾಯಕನ ಕೋಟಿನ ಕಿತ್ತುಹೋದ ಗುಂಡಿಯೂ ಸಹ. ಸಮಾಧಾನವಾಗುತ್ತಾ ಬಂತು. ಪಕ್ಕದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಷ್ಟು ಹಾಯಾಗಿ ನೋಡಬಹುದು ಅನ್ನಿಸಬೇಕಿತ್ತು. ಬದಲು ಪರದೆಯ ಮೇಲೆ ಒಬ್ಬ ಹೊಸಬ ಬಂದಾಗಲೆಲ್ಲ, ಇವನು ಒಳ್ಳೆಯವನೋ ಕೆಟ್ಟವನೋ ಎಂದು ಯಾರಾದರೂ ಕೇಳಲಿ ಎಂದು ಕಿವಿ ಕಾಯುತ್ತಿತ್ತು. ಆಮೇಲೆ ಸೇತುವೆ ಬಂತು. ಅವನು ಮುಂದಕ್ಕೆ ಬಾಗಿದ.

ಅದು ಕಬ್ಬಿಣದ ರೈಲು ಸೇತುವೆ. ಎರಡು ಕಡೆಯೂ ಅಡ್ಡಡ್ಡ ತೊಲೆಗಳು, ನಡುವೆ ಹಳಿ. ನಾಯಕ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಳಿಯ ಮಧ್ಯೆ ನಡೆದು ಬಂದ. ಮಗುವಿನ ತಲೆಯಲ್ಲಿ ಗಾಯವಿರಲಿಲ್ಲ. ಅದು ಹಸಿದಿತ್ತು, ನಿದ್ದೆ ಮಾಡುತ್ತಿತ್ತು. ನಾಯಕ ಒಂದು ಮಾತೂ ಆಡಲಿಲ್ಲ. ಸೇತುವೆಯ ಉದ್ದಕ್ಕೂ ಅವನ ಬೂಟಿನ ಸದ್ದು ಮಾತ್ರ. ಕಂಬಗಳಿರಲಿಲ್ಲ. ಈಗ ಬರಬಹುದು, ಸೇತುವೆಯ ಆ ತುದಿಯಲ್ಲಿ ಬರಬಹುದು ಎಂದು ಕಣ್ಣು ಕೀಲಿಸಿ ಕೂತ. ತುದಿ ಬಂತು, ನಾಯಕ ಇಳಿದು ಹೋದ, ದೃಶ್ಯ ಬದಲಾಯಿತು. ಇನ್ನೊಂದು ಸೇತುವೆ ಇರಬಹುದೆಂದು ಕೊನೆಯವರೆಗೂ ಕಾದ. ದೀಪ ಹತ್ತಿ, ಜನ ಎದ್ದು ಹೋಗಿ, ಪ್ರೊಜೆಕ್ಟರಿನವನು ತಂತಿ ಸುತ್ತುತ್ತಿದ್ದಾಗ ಅವನ ಬಳಿ ಹೋಗಿ ನಿಂತ.

"ಇದರಲ್ಲಿ ಏನಾದ್ರೂ ಕತ್ತರಿಸಿದ್ದಾರಾ?"

"ಇಲ್ವಲ್ಲ. ಪೂರ್ತಿ ಇದೆ."

"ಸೇತುವೆ ಮೇಲೆ ಅವನು ಮಾತಾಡೋದು... ದೀಪದ ಕಂಬಗಳು..."

"ಕಂಬ ಎಲ್ಲಿದೆ ಸಾರ್, ಅದು ರೈಲು ಸೇತುವೆ." ಪ್ರೊಜೆಕ್ಟರಿನವನು ತಂತಿಯನ್ನು ಮೊಳಕೈಗೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಬೇರೆ ಯಾವುದೋ ಪಿಕ್ಚರ್ ಇರ್ಬೇಕು ನೀವು ನೋಡಿದ್ದು."

ಬೇರೆ ಯಾವುದೂ ಅಲ್ಲ. ಮೆಟ್ಟಿಲು ಹತ್ತಿ ಬೀದಿಗೆ ಬರುವಷ್ಟರಲ್ಲಿ, ಬಿಸಿಲು ಕಣ್ಣಿಗೆ ಹೊಡೆದ ಆ ಕ್ಷಣದಲ್ಲೇ, ಎಲ್ಲವೂ ಬಂತು. ಹೋದ ವರ್ಷದ ಆ ಶನಿವಾರವೂ ಹೀಗೇ ಬಿಸಿಲಿತ್ತು. ಚಿತ್ರಮಂದಿರದಿಂದ ಹೊರಬಂದು ರಸ್ತೆ ದಾಟುವಾಗ ಅತ್ತೆ ಅವನ ತೋಳು ಹಿಡಿದುಕೊಂಡಿದ್ದರು. ದಾಟಿದ ಮೇಲೂ ಬಿಡಲಿಲ್ಲ. "ನಿಮ್ಮ ಮಾವನೂ ಹೀಗೇ ಹೋಗಿದ್ರು" ಎಂದು ಶುರುಮಾಡಿದರು. ಅವನು ಆಗ ತಲೆಯಲ್ಲಿ ಮೊದಲ ವಾಕ್ಯ ಜೋಡಿಸುತ್ತಿದ್ದ. ಮನೆ ಮುಟ್ಟುವವರೆಗೆ ಅದು ಚೆದುರಿ ಹೋಗಬಾರದೆಂದು ಒಳಗೇ ಹಿಡಿದುಕೊಂಡು, ಹೊರಗೆ "ಹೂಂ, ಹೂಂ" ಎನ್ನುತ್ತಿದ್ದ. ಅತ್ತೆ ಹೇಳುತ್ತಾ ಹೋದರು. ದಾರಿಯ ಒಂದು ಅಂಗಡಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು ಕೂಡ. "ಇದನ್ನ ಅವಳಿಗೆ ಹೇಳಿಲ್ಲ, ಹೇಳೋ ಧೈರ್ಯ ಬಂದಿಲ್ಲ" ಎಂದದ್ದು ಈಗ ಕಿವಿಯ ಪಕ್ಕ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಅವನು ಹೂಂ ಎಂದಿದ್ದ. ಆ ವಾರ ಕಾರ್ಖಾನೆಯಲ್ಲಿ ತಪಾಸಣೆಯ ಗಡಿಬಿಡಿ. ಬರೆಯಲು ಕೂತದ್ದು ಮೂರ್ನಾಲ್ಕು ದಿನ ಕಳೆದ ಮೇಲೆ. ಅಷ್ಟರಲ್ಲಿ ಪರದೆ ಯಾವುದು, ಬೀದಿ ಯಾವುದು, ಕಂಡದ್ದು ಯಾವುದು, ಕಿವಿಗೆ ಬಿದ್ದದ್ದು ಯಾವುದು, ಎಲ್ಲ ಕೂಡಿಕೊಂಡಿತ್ತು. ಒಬ್ಬ ಮುದುಕಿ ಬದುಕಿನಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದನ್ನು ಅವನು ಸಿನಿಮಾದವರ ಖಾತೆಗೆ ಹಾಕಿ, ಜೀವವಿರುವುದು ಇದೊಂದಕ್ಕೇ ಎಂದು ಮೆಚ್ಚುಗೆಯನ್ನೂ ಬರೆದಿದ್ದ.

ಮನೆಯ ಕಡೆ ನಡೆದ. ಕಾಲು ತಾನಾಗಿ ಬಳಸುದಾರಿ ಹಿಡಿಯಿತು. ಆ ಪುಸ್ತಕಗಳಲ್ಲಿ ಇನ್ನೇನೇನಿದೆಯೋ. ತಾನು ಮೆಚ್ಚಿ ಬರೆದ ಆ ಚಳಿಗಾಲದ ರೈಲು ನಿಲ್ದಾಣ, ಯಾರೋ ಯಾರಿಗೋ ಕೈಗವಸು ಬಿಚ್ಚಿ ಕೊಡುವುದು, ಅದು ಸಿನಿಮಾದಲ್ಲಿತ್ತೋ ಅಥವಾ ಹೆಂಡತಿ ಹಾಸಿಗೆಯಲ್ಲಿ ಮಲಗಿ ಹೇಳಿದ್ದೋ? ಅಣ್ಣ ತಮ್ಮನಿಗೆ ಹೊಡೆದು ಆಮೇಲೆ ಅದೇ ಕೈಗೆ ತಾನೇ ಬರೆ ಹಾಕಿಕೊಂಡದ್ದು? ಎಷ್ಟು ಜನ ಅವನ ಪಕ್ಕದಲ್ಲಿ ನಡೆಯುತ್ತಾ ಹೇಳಿದ್ದರೋ, ಅವನು ಎಷ್ಟು ಸಲ ಹೂಂ ಎಂದಿದ್ದನೋ. ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದ ಎಳೆಯನ್ನು ಹಿಡಿಯುವವನು! ಒಂದು ಕ್ಷಣ, ಹೇಳದಿದ್ದರೇನು ಅನ್ನಿಸಿತು. ಯಾರಿಗೂ ಗೊತ್ತಾಗುವುದಿಲ್ಲ. ಆ ಸಿನಿಮಾ ಇನ್ನು ಹತ್ತು ವರ್ಷ ಈ ಊರಿಗೆ ಬರುವುದಿಲ್ಲ. ಹಾಗೆ ಅನ್ನಿಸಿದ್ದಕ್ಕೇ ನಡಿಗೆ ಚುರುಕು ಮಾಡಿದ. ಹೆಂಡತಿ ಬರುವುದರೊಳಗೆ ಅತ್ತೆಗೆ ಹೇಳಿಬಿಡಬೇಕು.

ಅತ್ತೆ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಬೇಗ ಬಂದಿರಲ್ಲ ಎಂದು ಕೇಳಬೇಕಾದವರು ಕೇಳಲಿಲ್ಲ. ಅವನು ಚಪ್ಪಲಿ ಬಿಚ್ಚುವುದನ್ನೂ ಮರೆತು ಅವರೆದುರು ಸ್ಟೂಲಿನ ಮೇಲೆ ಕೂತ.

"ಅತ್ತೆ, ಆ ಮುಷ್ಕರದ ಸಿನಿಮಾ ಇವತ್ತು ಮತ್ತೆ ನೋಡಿ ಬಂದೆ."

"ಹೌದಾ? ಒಬ್ರೇ ಹೋಗಿದ್ರಾ?" ಆ ಪ್ರಶ್ನೆಯಲ್ಲಿ ಸಣ್ಣದೊಂದು ನೋವಿತ್ತು, ಅದನ್ನು ಅವನು ಕೇಳಿಸಿಕೊಂಡ.

"ಅದರಲ್ಲಿ ಕಂಬ ಇಲ್ಲ ಅತ್ತೆ. ಹೆಸರಿಡೋದೂ ಇಲ್ಲ. ಅವನು ಬಾಯೇ ಬಿಡಲ್ಲ. ಅದೆಲ್ಲ ನೀವು ಹೇಳಿದ್ದು, ದಾರೀಲಿ ಬರ್ತಾ. ನಾನೇ ತಪ್ಪು ಬರೆದಿದ್ದೆ."

ಅತ್ತೆ ಒಂದು ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ಅಂಗೈಯಿಂದ ಸವರಿ, ಗುಡ್ಡೆಯ ಮೇಲಿಟ್ಟರು. "ಬಿಡಿ" ಎಂದರು. "ನನ್ನ ಮನಸ್ಸಿಗೆ ನೋವಾಯ್ತು ಅಂತ ಹೇಳ್ತಿದ್ದೀರಿ. ನನಗೇನೂ ಬೇಜಾರಿಲ್ಲ. ವಯಸ್ಸಾಯ್ತು, ತಲೆ ಕಲಸುತ್ತೆ."

"ಇಲ್ಲ ಅತ್ತೆ, ಆಣೆ ಮಾಡಿ ಹೇಳ್ತೀನಿ."

"ನೀವು ಬರೆದಿಟ್ಟಿದ್ದೀರಲ್ಲ. ಬರೆದದ್ದು ಸುಳ್ಳಾಗುತ್ತಾ?" ಇನ್ನೊಂದು ಅಂಗಿ ಕೈಗೆತ್ತಿಕೊಂಡರು. "ಅದೂ ಅಲ್ದೆ, ಈಗ ನೆನಪು ಮಾಡ್ಕೊಂಡ್ರೆ ನನಗೆ ಆ ಸಿನಿಮಾದವನ ಮುಖವೇ ಬರುತ್ತೆ. ಅದೇ ಕೋಟು, ಅದೇ ಮೀಸೆ. ನಿಮ್ಮ ಮಾವನ ಮುಖ ತಂದ್ಕೊಳ್ಳೋಣ ಅಂತ ಎಷ್ಟು ಪ್ರಯತ್ನ ಪಟ್ಟೆ, ಬರೋದೇ ಇಲ್ಲ."

ಅವನು ಏನೋ ಹೇಳಲು ಹೋದ. ಅತ್ತೆ ಅವನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. ಭಾನುವಾರದಿಂದ ಇಷ್ಟು ಮಾತಾಡಿದ್ದು ಇದೇ ಮೊದಲು. "ಒಂದು ರೀತೀಲಿ ಒಳ್ಳೇದೇ ಆಯ್ತು ಗೊತ್ತಾ. ಇಷ್ಟು ವರ್ಷ, ಅವಳಿಗೆ ಸ್ವಲ್ಪ ತಲೆನೋವು ಅಂದ್ರೂ, ಪರೀಕ್ಷೇಲಿ ಒಂದು ಮಾರ್ಕು ಕಡಿಮೆ ಬಂದ್ರೂ, ಇದೆಲ್ಲ ನನ್ನಿಂದಲೇ, ನಾನು ಆವತ್ತು ಕೈ ಬಿಟ್ಟಿದ್ದರಿಂದಲೇ ಅಂತ ಒಳಗೊಳಗೇ ಬೇಯ್ತಿದ್ದೆ. ಈಗ ನೋಡಿದ್ರೆ ಅದು ಸಿನಿಮಾ. ಅಂದ್ರೆ ಕೂಸು ನನ್ನ ಕೈಯಿಂದ ಬಿದ್ದೇ ಇಲ್ಲ. ಅಲ್ವಾ?"

ಅವನು ಕೊಡಲು ಬಂದದ್ದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತವನ ಹಾಗಾದ. ಮಾವನನ್ನು ಹಿಂದಕ್ಕೆ ಕೊಟ್ಟರೆ ಅದರ ಜೊತೆಗೆ ಆ ಮೆಟ್ಟಿಲನ್ನೂ, ಜಾರಿದ ಕೈಯನ್ನೂ ಹಿಂದಕ್ಕೆ ಕೊಡಬೇಕು. ಅತ್ತೆ ಉತ್ತರಕ್ಕೆ ಕಾಯುತ್ತಿದ್ದರು, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗಿಯ ಮುಖ ಮಾಡಿಕೊಂಡು. ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ. ಹೆಗಲ ಚೀಲ ಇಳಿಸದೆ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ, ಅವಳ ಮುಖ ನೋಡಿದರೆ, ಕಂಬ ಇಲ್ಲ ಎಂದಾಗಿನಿಂದಲೂ ನಿಂತಿರಬೇಕು.

"ನೋಡು, ನಾನೇ ತಪ್ಪು..." ಎಂದು ಅವನು ಎದ್ದ.

"ನೀವು ಸುಮ್ನಿರಿ" ಎಂದಳು. ಗದರಲಿಲ್ಲ, ಚಿಕಿತ್ಸೆಗೆ ಬಂದವರ ಕಾಲು ಹಿಡಿದು ಹೀಗಲ್ಲ ಹೀಗೆ ಎನ್ನುವಾಗಿನ ದನಿ ಅದು. ಚೀಲ ಇಳಿಸಿ, ಮಂಚದ ಮೇಲೆ ಅಮ್ಮನ ಪಕ್ಕ ಕೂತು, ಮಡಚಿದ ಬಟ್ಟೆಯ ಗುಡ್ಡೆಯನ್ನು ಆಚೆ ಸರಿಸಿದಳು. "ಅಮ್ಮಾ, ನಾನು ಬಿದ್ದಿದ್ರೂ ಏನಾಯ್ತೀಗ? ಗಟ್ಟಿಯಾಗಿ ಕೂತಿದ್ದೀನಲ್ಲ ಇಲ್ಲಿ. ಹೇಳು, ಯಾವ ಮೆಟ್ಟಿಲು ಅದು?"

ಅತ್ತೆ ಬೆದರಿದವರ ಹಾಗೆ ಹಿಂದೆ ಸರಿದರು. "ಇಲ್ಲ ಕಣೇ. ನೀನು ಬಿದ್ದಿಲ್ಲ. ಅದು ಸಿನಿಮಾ."

ಹೆಂಡತಿ ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿದಳು. "ಸರಿ. ಸಿನಿಮಾನೇ ಹೇಳು. ನಾನು ನೋಡಿಲ್ವಲ್ಲ ಅದನ್ನ. ಸೇತುವೆ ದಾಟಿದ ಮೇಲೆ ಏನಾಯ್ತು?"

"ಆಸ್ಪತ್ರೆಗೆ ಹೋದ್ರು. ಹೋದ. ಹೀರೋ ಹೋದ." ಅತ್ತೆಯ ಬೆರಳು ಸೆರಗಿನ ಅಂಚನ್ನು ಸುತ್ತತೊಡಗಿತ್ತು. "ಡಾಕ್ಟ್ರು ನೋಡಿ, ಭಯ ಇಲ್ಲ ಅಂದ್ರು. ಮಗು ಉಳೀತು. ಅವನು ಮನೆಗೆ ಬಂದು ಹೆಂಡ್ತಿಗೆ ಒಂದು ಮಾತು ಬೈಲಿಲ್ಲ. ಯಾಕೆ ಬೀಳಿಸಿದೆ ಅಂತ ಕೇಳ್ಲಿಲ್ಲ. ಅವಳು ಬೈಗುಳಕ್ಕೆ ಕಾದಳು ಪಾಪ, ದಿನಗಟ್ಟಲೆ ಕಾದಳು. ಬೈದಿದ್ರೆ ಅತ್ತು ಹಗುರಾಗ್ತಿದ್ಳು."

"ಆಮೇಲೆ?"

"ಆಮೇಲೆ ಅವನು ಮಗೂನ ಎತ್ಕೊಳ್ಳೋದೇ ಬಿಟ್ಟ. ಅದು ಬಂದು ಕಾಲು ತಬ್ಬಿದ್ರೆ ತಲೆ ಸವರಿ ಪಕ್ಕಕ್ಕೆ ಸರಿಸೋನು, ಬೆನ್ನು ತಿರುಗಿಸ್ಕೊಂಡು ಹೋಗೋನು. ಅವಳೇ ಒಂದ್ಸಲ ಕೇಳಿದ್ಳು, ಯಾಕ್ರೀ ಹೀಗೆ ಅಂತ. ಅದಕ್ಕವನು..." ಅತ್ತೆ ನಿಲ್ಲಿಸಿದರು. ತೋಳುಗಳೆರಡನ್ನೂ ಮುಂದೆ ಚಾಚಿ, ಖಾಲಿ ತೋಳುಗಳನ್ನು ನೋಡಿದರು. "ಸೇತುವೆ ನಡುವೆ ಒಂದ್ಸಲ ಅದು ಪೂರ್ತಿ ಕಣ್ಣು ಮುಚ್ಚಿತಂತೆ. ಹೆಗಲ ಮೇಲಿದ್ದದ್ದು ಒಂದೇ ಸಲಕ್ಕೆ ಕಲ್ಲಿನ ಹಾಗೆ ಭಾರ ಆಯ್ತಂತೆ. ಹೋಯ್ತು ಅಂದ್ಕೊಂಡನಂತೆ. ಅದಕ್ಕೇ ಬಾಯಿಗೆ ಬಂದದ್ದನ್ನ ಕೂಗ್ತಾ, ಕಂಬಕ್ಕೆಲ್ಲ ಹೆಸರಿಡ್ತಾ ಓಡಿದ್ದು. ಆ ಭಾರ ನನ್ನ ತೋಳಿಂದ ಇಳೀತಾನೇ ಇಲ್ಲ, ಮತ್ತೆ ಎತ್ಕೊಂಡ್ರೆ ಕೈ ನಡುಗುತ್ತೆ, ಬೀಳಿಸ್ಬಿಡ್ತೀನಿ ಅಂದ."

ಹೆಂಡತಿ ಅಳುತ್ತಿರಲಿಲ್ಲ. ಬಾಯಿ ತುಸು ತೆರೆದಿತ್ತು. ನಲವತ್ತು ದಾಟಿದ ಆ ಮುಖದಲ್ಲಿ ಯಾರೋ ಬೆನ್ನು ತಿರುಗಿಸಿ ಹೋಗುತ್ತಿರುವುದನ್ನು ನೋಡುತ್ತಾ ನಿಂತ ಮಗುವೊಂದು ಕಂಡ ಹಾಗಾಗಿ ಅವನು ಕಣ್ಣು ತಗ್ಗಿಸಿದ. ತಲೆಯಲ್ಲಿ ಯಾವ ವಾಕ್ಯವೂ ಇರಲಿಲ್ಲ.

"ಸಿನಿಮಾದಲ್ಲಿ ಅದನ್ನೂ ತೋರಿಸಿದ್ರಾ ಅಮ್ಮ?" ಅವಳ ದನಿ ಒಡೆದಿತ್ತು.

"ತೋರಿಸಿದ್ರು, ತೋರಿಸಿದ್ರು" ಎಂದರು ಅತ್ತೆ ಅವಸರದಿಂದ. ಮಗಳು ನಂಬಿದಳೋ ಇಲ್ಲವೋ ಎಂದು ಅನುಮಾನವಾಗಿ ಅವನ ಕಡೆ ತಿರುಗಿದರು. "ಅಲ್ವಾ? ನೀವೂ ಇದ್ರಲ್ಲ ಜೊತೇಲಿ. ನೋಡಿದ್ರಲ್ಲ. ಹೇಳಿ ಇವಳಿಗೆ."

ಕೋಣೆಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ಮಂಚದ ಮೇಲಿನ ಇಬ್ಬರು ಹೆಂಗಸರಲ್ಲಿ ಅತ್ತೆ ಮಾತ್ರ ಅವನನ್ನು ನೋಡುತ್ತಿದ್ದರು, ಬೇಡಿಕೊಳ್ಳುವ ಕಣ್ಣುಗಳಿಂದ.

"ಹೌದು ಅತ್ತೆ" ಎಂದ. "ತೋರಿಸಿದ್ರು. ನಾನು ನೋಡಿದೆ."

ಅತ್ತೆಯ ಭುಜಗಳು ಸಡಿಲಗೊಂಡವು. ಹೆಂಡತಿ ಅವನ ಕಡೆ ತಿರುಗಲಿಲ್ಲ. ಅಮ್ಮನ ಚಾಚಿದ ತೋಳುಗಳ ನಡುವೆ ಇನ್ನಷ್ಟು ಹತ್ತಿರ ಸರಿದು ಕೂತು, "ಆಮೇಲೆ?" ಎಂದಳು.